ದೋಣಿ ಕಟ್ಟೋದು ಕಲಿಸಿದ್ರ ಹುಡುಗ್ರ ಬದುಕು ಹೆಂಗ ದಾರಿಗೆ ಬರ್ತೈತಿ?

ಸಾಲಿ ಬಿಟ್ಟ ಹುಡುಗ್ರು, ಒಂದ್ಸಲ ಪೊಲೀಸ್ ಕೇಸಿನಾಗ ಸಿಕ್ಕು ಹೊರಗ ಬಂದೋರು, ಮನ್ಯಾಗ ದುಡಿಯೋರಿಲ್ದ ಹದಿನಾರು ವರ್ಷಕ್ಕ ಹೋಟೆಲಿಗೋ ಬಿಲ್ಡಿಂಗ್ ಕೆಲಸಕ್ಕೋ ಬೆಂಗಳೂರು ಬಸ್ ಹತ್ತೋರು, ಇಂಥೋರನ್ನ ಕೂಡಿಸಿ ಮರದ ದೋಣಿ ಕಟ್ಟೋದು ಕಲಿಸಿ, ಅದರೊಳಗಿಂದನ ಕೆಲಸದ ಶಿಸ್ತು, ಲೆಕ್ಕ, ನಾಲ್ಕು ಮಂದಿ ಜೊತಿ ಹೊಂದ್ಕೊಂಡು ಹೋಗೋದು ಎಲ್ಲಾ ಕಲಿಸೋ ಒಂದು ಪದ್ಧತಿ ಅಮೆರಿಕ, ಬ್ರಿಟನ್ ಕಡೆ ಮೂವತ್ತು ವರ್ಷದಿಂದ ನಡ್ಕೊಂಡು ಬಂದೈತಿ. ಇದನ್ನ ಹೇಳಿದ ಕೂಡ್ಲೇ ಯಾರಾದ್ರೂ ಕೇಳೋ ಮೊದಲ್ನೇ ಪ್ರಶ್ನೆ, ಈಗಿನ ಕಾಲದಾಗ ದೋಣಿ ಕಟ್ಟೋ ನೌಕರಿ ಎಲ್ಲೈತ್ರಿ ಅಂತ. ಇಲ್ಲ, ಅಂಥ ನೌಕರಿ ಹೆಚ್ಚಿಲ್ಲ. ಅಲ್ಲಿ ಕಲಿತ ಹುಡುಗ್ರೊಳಗೂ ದೋಣಿ ಕಟ್ಟೋದನ್ನೇ ಹೊಟ್ಟೆಪಾಡು ಮಾಡ್ಕೊಂಡೋರು ಭಾಳ ಕಡಿಮಿ. ಹಂಗಿದ್ರೂ ಇದು ಕೆಲಸ ಮಾಡ್ತೈತಿ, ಯಾಕ ಮಾಡ್ತೈತಿ ಅನ್ನೋದನ್ನ ಬಿಡಿಸಿ ಹೇಳಬೇಕು ಅಂತ ಕುಂತೀನಿ, ಯಾಕಂದ್ರ ತುಂಗಭದ್ರಾ ಕೃಷ್ಣಾ ಎರಡೂ ಹೊಳಿ ಹರಿಯೋ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮ್ಯಾಗ ಇದಕ್ಕ ಬೇಕಾದ್ದು ಅರ್ಧಕ್ಕಿಂತ ಜಾಸ್ತಿ ಆಗ್ಲೇ ಐತಿ.

ಇದು ಹುಟ್ಟಿದ್ದು ಹೆಂಗ ಅನ್ನೋದನ್ನ ಬೇಗ ಹೇಳಿ ಮುಗಿಸ್ತೀನಿ. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಅನ್ನೋ ಬಡವರ ಏರಿಯಾದ ಒಂದು ಸಾಲ್ಯಾಗ 1996ರಲ್ಲಿ ಆಡಮ್ ಗ್ರೀನ್ ಅನ್ನೋರು ಮಕ್ಕಳನ್ನ ಕೂಡಿಸ್ಕೊಂಡು ಒಂದು ಸಣ್ಣ ದೋಣಿ ಕಟ್ಟಿಸಿದ್ರು, ಅದ ಮುಂದ ರಾಕಿಂಗ್ ದ ಬೋಟ್ ಅನ್ನೋ ಸಂಸ್ಥೆ ಆಗಿ ಬ್ರಾಂಕ್ಸ್ ನದಿ ದಂಡಿಮ್ಯಾಲ ಇವತ್ತಿಗೂ ನಡೀತೈತಿ. ಮಿನಿಸೋಟಾ ರಾಜ್ಯದ ಸೇಂಟ್ ಪಾಲ್‌ನಾಗ ಅರ್ಬನ್ ಬೋಟ್‌ಬಿಲ್ಡರ್ಸ್ ಅಂತ ಐತಿ, ಅಲ್ಲಿ ಹುಡುಗ್ರು ಹುಡುಗ್ಯಾರು ಸಂಬಳ ತಗೊಂಡು ಅಪ್ರೆಂಟಿಸ್ ಆಗಿ ಕೆನೋ ಅನ್ನೋ ಸಪೂರ ದೋಣಿ ಕಟ್ತಾರ. ವರ್ಜೀನಿಯಾದ ಅಲೆಕ್ಸಾಂಡ್ರಿಯಾ ಸೀಪೋರ್ಟ್ ಫೌಂಡೇಷನ್ ಸಾಲಿ ಬಿಟ್ಟೋರಿಗೆ ಸಂಬಳ ಕೊಟ್ಟು ಮರಗೆಲಸ ಕಲಿಸ್ತಾ, ಜೊತಿಗೇ ಹೈಸ್ಕೂಲಿಗೆ ಸಮನಾದ ಪರೀಕ್ಷೆಗೂ ತಯಾರು ಮಾಡಿ, ಆಮ್ಯಾಲ ಬಡಿಗೇರ ಯೂನಿಯನ್ ಕೆಲಸಕ್ಕ ದಾಟಿಸೋ ದಾರಿ ಹಾಕಿಕೊಟ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಶಹರದ ಗೋವನ್ ಅನ್ನೋ ಜಾಗಾದಾಗ 1997ರಲ್ಲಿ ಗ್ಯಾಲ್‌ಗೇಲ್ ಟ್ರಸ್ಟ್ ಶುರುವಾತು, ಆ ಊರಿನ ಕಥಿ ಬ್ಯಾರೆ, ಒಂದ್ಕಾಲಕ್ಕ ಕ್ಲೈಡ್ ನದಿ ಮ್ಯಾಲ ದೊಡ್ಡ ದೊಡ್ಡ ಹಡಗು ಕಟ್ಟಿದ ಊರು, ಆ ಯಾರ್ಡ್‌ಗಳು ಒಂದೊಂದ ಮುಚ್ಚಿದ ಮ್ಯಾಲ ಕೆಲಸ ಇಲ್ದ ಮಂದಿ ಕುಡಿತಕ್ಕ ಚಟಕ್ಕ ಬಿದ್ರು, ಅವರಿಗೆ ಕೈಗೆ ಮತ್ತ ಉಳಿ ಕೊಡತಿ ಕೊಟ್ಟು ಕೂಡಿಸಿದ್ದು ಅದು.

ಈಗ ಮುಖ್ಯ ವಿಷಯ. ದೋಣಿನ ಯಾಕ? ಟೇಬಲ್ ಮಾಡಿಸಬಹುದಿತ್ತು, ಬಾಗಿಲು ಮಾಡಿಸಬಹುದಿತ್ತು.

ಮೊದಲ್ನೇ ಕಾರಣ, ನೀರು ಯಾರ ಮಾತೂ ಕೇಳಂಗಿಲ್ಲ. ಟೇಬಲಿನ ಕಾಲು ಸ್ವಲ್ಪ ಓರೆ ಆದ್ರ ಕೆಳಗ ಒಂದು ಹಾಳಿ ಮಡಚಿ ಇಟ್ಟು ನಡಸ್ಬಹುದು, ಆದ್ರ ದೋಣಿ ಜೋಡಣಿಯೊಳಗ ಒಂದು ಸಂದಿ ಉಳೀತು ಅಂದ್ರ ನೀರು ಒಳಗ ಬಂದ ಬರ್ತೈತಿ. ಸಾಲ್ಯಾಗ ಈ ಹುಡುಗ್ರು ಕಂಡಿದ್ದು ಏನು? ಮಾಸ್ತರ್ ಕೊಟ್ಟ ಮಾರ್ಕು, ಮಾಸ್ತರ್ ಬೈದ ಮಾತು. ತಪ್ಪು ಅಂದ್ರ ಯಾರೋ ಒಬ್ಬ ದೊಡ್ಡ ಮನುಷ್ಯ ನನ್ನ ಮ್ಯಾಲ ಸಿಟ್ಟಾದ ಅಂತಷ್ಟ ಅವರಿಗೆ ಗೊತ್ತು. ಇಲ್ಲಿ ತಪ್ಪನ್ನ ತೋರಿಸೋದು ನೀರು, ಅದಕ್ಕ ನಿನ್ನ ಜಾತಿ ಗೊತ್ತಿಲ್ಲ, ನಿಮ್ಮಪ್ಪ ಯಾರು ಗೊತ್ತಿಲ್ಲ, ನೀನು ಎಷ್ಟನೇ ಕ್ಲಾಸಿಗೆ ಬಿಟ್ಟಿ ಅನ್ನೋದೂ ಗೊತ್ತಿಲ್ಲ. ಎಲ್ಲಿ ಸೋರ್ತೈತಿ ಅಂತ ಹುಡುಕಿ, ಬಿಚ್ಚಿ, ಮತ್ತ ಕೂಡಿಸಿದ್ರ ಸೋರೋದು ನಿಲ್ತೈತಿ. ತಪ್ಪು ಆಗೋದು ಬ್ಯಾರೆ, ನಾನ ತಪ್ಪು ಮನುಷ್ಯ ಅನ್ನೋದು ಬ್ಯಾರೆ ಅನ್ನೋ ಈ ಫರಕ್ ಭಾಷಣ ಮಾಡಿ ತಿಳಿಸೋಕ ಆಗಂಗಿಲ್ಲ, ಕೈಯಾಗ ಹಾದು ಹೋಗ್ಬೇಕು.

ಎರಡ್ನೇದು, ದೋಣಿಯೊಳಗ ನೆಟ್ಟನ ಗೆರಿ ಅನ್ನೋದು ಭಾಳ ಕಡಿಮಿ. ಹಲಗಿ ಎಲ್ಲಾ ಬಾಗಿರ್ತಾವ, ಒಂದರ ಅಂಚು ಇನ್ನೊಂದರ ಅಂಚಿಗೆ ಬ್ಯಾರೆ ಬ್ಯಾರೆ ಕೋನದಾಗ ಕೂಡ್ತೈತಿ, ಹಂಗಾಗಿ ಒಂದ್ಸಲ ಕೊಯ್ದು ಇಟ್ಟರ ಕೂಡೋ ಮಾತ ಇಲ್ಲ. ಗೆರಿಗಿಂತ ಸ್ವಲ್ಪ ಹೊರಗ ಕೊಯ್ದು, ಇಟ್ಟು ನೋಡಿ, ರಂದಾ (ಕೀಸುಳಿ) ಹೊಡದು, ಮತ್ತ ಇಟ್ಟು ನೋಡಿ, ಮತ್ತ ರಂದಾ, ಹಿಂಗ ಒಂದೊಂದು ಕೂದಲೆಳಿಯಷ್ಟ ತಗೀತಾ ತಗೀತಾ ಗೆರಿಗೆ ಬರ್ಬೇಕು. ಅವಸರ ಮಾಡಿ ಜಾಸ್ತಿ ತಗದ್ರ ಹಲಗಿ ಹೋತು. ಒಂದು ತಾಸು ಒಂದ ಕಡೆ ಕುಂಡ್ರೋಕಾಗದ ಹುಡುಗ, ಮೊಬೈಲ್ ಬಿಟ್ಟು ಹತ್ತು ನಿಮಿಷ ಇರದವ, ಇದರಾಗ ಮಧ್ಯಾಹ್ನ ತನಕ ಮುಳುಗಿ ಹೋಗ್ತಾನ, ಯಾಕಂದ್ರ ಪ್ರತಿ ಸಲ ಇಟ್ಟು ನೋಡಿದಾಗೂ ಸಂದಿ ಸಣ್ಣದಾಗೋದು ಕಣ್ಣಿಗೆ ಕಾಣ್ತೈತಿ. ತಾಳ್ಮಿ ಅನ್ನೋದು ಉಪದೇಶದಿಂದ ಬರೋದಲ್ಲ, ಜ್ವಾಳದ ರೊಟ್ಟಿ ಬಡಿಯೋದು ಹೆಂಗ ಕೈಗೆ ಹತ್ತಬೇಕೋ ಹಂಗ ಇದೂ ಕೈಗೆ ಹತ್ತಬೇಕು.

ಮೂರ್ನೇದು ಭಾಳ ಸರಳ ಐತಿ: ಹನ್ನೆರಡು ಅಡಿ ದೋಣಿನ ಒಬ್ಬನ ಕೈಲಿ ಎತ್ತಿ ತಿರುವಿ ಹಾಕೋಕ ಆಗಂಗಿಲ್ಲ. ಹಲಗಿ ಬಗ್ಗಿಸೋವಾಗ ಒಬ್ಬ ಹಿಡೀಬೇಕು, ಒಬ್ಬ ಕ್ಲಾಂಪ್ ಬಿಗೀಬೇಕು, ಇನ್ನೊಬ್ಬ ಸ್ಕ್ರೂ ಹಾಕ್ಬೇಕು. ಹಿಡಿದವ ಸಿಟ್ಟಿಗೆದ್ದು ಬಿಟ್ಟು ಹೋದ್ರ ಇನ್ನಿಬ್ಬರ ಕೈಗೆ ಪೆಟ್ಟು ಬೀಳ್ತೈತಿ. ಇವತ್ತು ನಾನು ಬರ್ಲಿಲ್ಲಂದ್ರ ಕೆಲಸ ನಿಲ್ತೈತಿ ಅನ್ನೋದು ಅನೇಕ ಹುಡುಗ್ರಿಗೆ ಜೀವನದಾಗ ಮೊದಲ್ನೇ ಸಲ ಸಿಗೋ ಅನುಭವ. ಅಲ್ಲೀತನಕ ಅವರು ಸಾಲಿಗೆ ಹೋಗ್ಲಿಲ್ಲಂದ್ರ ಯಾರೂ ಕೇಳಿರಂಗಿಲ್ಲ, ಹೋದ್ರೂ ಯಾರೂ ನೋಡಿರಂಗಿಲ್ಲ.

ಕಡೀಗೆ ಅದು ನೀರಿಗೆ ಇಳೀತೈತಿ. ಊರು ಮಂದಿ ಬರ್ತಾರ, ಅವ್ವ ಬರ್ತಾಳ, ಎಲ್ಲರ ಮುಂದ ಅವರು ಕಟ್ಟಿದ ದೋಣಿ ಅವರನ್ನ ಹೊತ್ತು ತೇಲ್ತೈತಿ. ಈ ಸಂಸ್ಥೆಗಳು ಎಲ್ಲಾ ಆ ದಿನಕ್ಕ ದೊಡ್ಡ ಮರ್ಯಾದಿ ಕೊಡ್ತಾವ, ಅದು ಸುಮ್ನ ಫೋಟೋಕ್ಕಲ್ಲ. ಶುರು ಮಾಡಿದ್ದನ್ನ ಮುಗಿಸಿದ್ದು, ಮುಗಿಸಿದ್ದನ್ನ ನಾಲ್ಕು ಮಂದಿ ಕಂಡಿದ್ದು, ಅದಕ್ಕ ಸಾಕ್ಷಿ ಬೇಕು.

ಇನ್ನ ಲೆಕ್ಕದ ವಿಷಯಕ್ಕ ಬರ್ತೀನಿ, ನನಗ ಇದರಾಗ ಭಾಳ ಇಷ್ಟದ ಭಾಗ ಇದ. ಅಲೆಕ್ಸಾಂಡ್ರಿಯಾದ ಸಂಸ್ಥೆ ನಡೆಸ್ತಿದ್ದ ಜೋ ಯೂಚಾ ಅನ್ನೋರು ಬಿಲ್ಡಿಂಗ್ ಟು ಟೀಚ್ ಅಂತ ಒಂದು ಕಾರ್ಯಕ್ರಮ ಶುರು ಮಾಡಿ, ದೋಣಿ ಕಟ್ಟೋದ್ರ ಮೂಲಕ ಗಣಿತ ಕಲಿಸೋದು ಹೆಂಗ ಅಂತ ಮಾಸ್ತರ್‌ಗಳಿಗೇ ತರಬೇತಿ ಕೊಟ್ರು. ಅವರದ ಡಿಸೈನಿನ ಬೆವಿನ್ಸ್ ಸ್ಕಿಫ್ ಅನ್ನೋ 12 ಅಡಿ ಪ್ಲೈವುಡ್ ದೋಣಿ ಇಂಥ ತರಬೇತಿಯೊಳಗ ಭಾಳ ಕಡೆ ಕಟ್ತಾರ. ವಿಚಾರ ಇಷ್ಟ: ಅಪೂರ್ಣಾಂಕ, ಕೋನ, ವೃತ್ತ, ಅನುಪಾತ ಇವೆಲ್ಲಾ ಹಲಗಿ ಮ್ಯಾಲ ಬಂದ್ರ ಹುಡುಗ್ರಿಗೆ ಹೆದರಿಕಿ ಹೋಗ್ತೈತಿ. ನಮ್ಮ ಕಡೆ ಬಡಿಗೇರ ಮಂದಿ ಇಂಚಿಗೆ ಎಂಟು ಸೂತ ಅಂತ ಎಣಸ್ತಾರಲ್ಲ, ಅದು ಮತ್ತೇನಲ್ಲ, ಎಂಟರಾಗ ಒಂದು. ಮೂರು ಸೂತ ಅಂದ್ರ ಎಂಟರಾಗ ಮೂರು, ನಾಲ್ಕು ಸೂತ ಅಂದ್ರ ಅರ್ಧ ಇಂಚು. ಬೋರ್ಡಿನ ಮ್ಯಾಲ ಭಿನ್ನರಾಶಿ ಕೂಡಿಸು ಅಂದ್ರ ತಲಿ ಕೆಳಗ ಹಾಕೋ ಹುಡುಗ ಮೂರು ಸೂತಕ್ಕ ಎರಡು ಸೂತ ಸೇರಿಸು ಅಂದ್ರ ಟೇಪ್ ನೋಡ್ದನ ಹೇಳ್ತಾನ.

ಇನ್ನೊಂದು ಲೆಕ್ಕ ನಮ್ಮ ತೆಪ್ಪದ್ದ ತಗೊಳ್ಳೋಣ. ಎಂಟು ಅಡಿ ಅಗಲದ ಒಂದು ಹರಿಗೋಲು, ಅಂದ್ರ ಬುಟ್ಟಿಯಂಥ ದುಂಡನ ತೆಪ್ಪ, ಅಂದ್ಕೊಳ್ರಿ, ಸುಮಾರು 2.4 ಮೀಟರ್. ಅರ್ಧ ಅಂದ್ರ 1.2 ಮೀಟರ್, ಅದರ ವರ್ಗ 1.44, ಅದಕ್ಕ ಪೈ ಗುಣಿಸಿದ್ರ ತಳದ ವಿಸ್ತೀರ್ಣ 4.5 ಚದರ ಮೀಟರ್. ತಳ ಪೂರ್ತಿ ಸಪಾಟ ಐತಿ ಅಂತ ಹಿಡಿದ್ರ, ತೆಪ್ಪ ಒಂದು ಸೆಂಟಿಮೀಟರ್ ಕೆಳಗ ಇಳೀಬೇಕಾದ್ರ 45 ಲೀಟರ್ ನೀರು ಸರೀಬೇಕು, ಅಂದ್ರ 45 ಕೆಜಿ ಭಾರ. 60 ಕೆಜಿ ಮನುಷ್ಯ ಒಬ್ಬ ಹತ್ತಿದ್ರ ಒಂದೂ ಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಇಳೀತೈತಿ. ಹತ್ತು ಮಂದಿ ಹತ್ತಿದ್ರ 13 ಸೆಂಟಿಮೀಟರ್. ಅಂಚು ಇನ್ನೂ ಎಷ್ಟೋ ಮ್ಯಾಲ ಉಳೀತೈತಲ್ಲ, ಹಂಗಾದ್ರ ಇನ್ನೂ ಹತ್ತು ಮಂದಿ ಹತ್ತಬಹುದು ಅನ್ನಿಸ್ತೈತಿ. ಅಲ್ಲೇ ಪಾಠ ಐತಿ. ಮಂದಿ ಎಲ್ಲಾ ನಡುವು ಕುಂತ್ರ ಆ ಲೆಕ್ಕ ಸರಿ, ನಾಲ್ಕು ಮಂದಿ ಒಮ್ಮೆಲೇ ಒಂದ ಕಡೆ ಎದ್ದು ಬಂದ್ರ ಆ ಅಂಚು ನೀರಿಗೆ ಇಳೀತೈತಿ, ನೀರು ಒಳಗ ನುಗ್ಗಿದ್ರ ಅದರ ಭಾರನೂ ಕೂಡ್ತೈತಿ, ತಳ ಸಪಾಟ ಇರದ ಬುಟ್ಟಿ ಆಕಾರಕ್ಕ ಇನ್ನೂ ಜಾಸ್ತಿ ಇಳೀತೈತಿ, ಹೊಳ್ಯಾಗ ಅಲಿ ಸುಳಿ ಬ್ಯಾರೆ. 2020ರ ಆಗಸ್ಟ್‌ನಾಗ ರಾಯಚೂರು ತಾಲೂಕಿನ ಕುರ್ವಕಲಾ ನಡುಗಡ್ಡಿ ಹತ್ರ ತುಂಬಿದ ಕೃಷ್ಣಾದಾಗ ತೆಪ್ಪ ಮಗುಚಿ ನಾಲ್ಕು ಮಂದಿ ನೀರುಪಾಲಾದ್ರಲ್ಲ, ಅಂಥ ಸುದ್ದಿ ಕೇಳಿ ಬೆಳೆದ ಹುಡುಗ್ರಿಗೆ ಈ ಲೆಕ್ಕ ಪುಸ್ತಕದ ಲೆಕ್ಕ ಅನ್ಸಂಗಿಲ್ಲ. ಇವತ್ತು ಎಷ್ಟು ಮಂದಿ ಹತ್ತಬೇಕು, ಯಾರಿಗೆ ಇಲ್ಲ ಅನ್ಬೇಕು ಅನ್ನೋ ನಿರ್ಧಾರ ಅದು.

ಇಲ್ಲೀತನಕ ಹೇಳಿದ್ದು ದೋಣಿಯ ಗುಣ. ಆದ್ರ ದೋಣಿ ಒಂದ ಇಟ್ಕೊಂಡು ಹುಡುಗ್ರ ಬದುಕು ಬದಲಾಗ್ತೈತಿ ಅಂತ ತಿಳ್ಕೊಂಡ್ರ ಅಲ್ಲೇ ಎಡವ್ತೀವಿ. ಚೊಲೋ ನಡೆದ ಕಾರ್ಯಕ್ರಮಗಳನ್ನ ನೋಡಿದ್ರ ದೋಣಿ ಹಿಂದ ಮೂರು ವ್ಯವಸ್ಥಾ ಕಾಣ್ತಾವ, ಅವು ಇಲ್ಲಂದ್ರ ಉಳಿದದ್ದು ಬರೇ ಒಂದು ಮರಗೆಲಸದ ಶಿಬಿರ. ಒಂದನೇದು ರೊಕ್ಕ. ಹದಿನೇಳು ವರ್ಷದ ಹುಡುಗ ಮನಿಗೆ ದುಡದು ಹಾಕ್ಬೇಕಾಗಿರ್ತೈತಿ, ಅವನಿಗೆ ಬಾ ಕಲಿ ಅಂದ್ರ ಅವನು ಬರೋದು ಹೆಂಗ? ಸಂಬಳನೋ ಸ್ಟೈಫಂಡೋ ಏನೋ ಒಂದು ಕೊಡ್ಬೇಕು, ಅದು ಟೈಮಿಗೆ ಕೊಡ್ಬೇಕು, ಲೇಟಾಗಿ ಬಂದ್ರ ಕಟ್ ಆಗ್ತೈತಿ ಅನ್ನೋದೂ ಇರ್ಬೇಕು, ಹಂಗಂದ್ರನ ಅದು ಕೆಲಸ ಅನ್ನಿಸ್ಕೊಳ್ತೈತಿ. ಎರಡ್ನೇದು ಹುಡುಗ್ರ ಮನಿ ಕಷ್ಟ ನೋಡ್ಕೊಳ್ಳೋ ಒಬ್ಬ ಸೋಷಿಯಲ್ ವರ್ಕರ್. ರಾಕಿಂಗ್ ದ ಬೋಟ್ ಒಳಗ ಉಳಿ ಕಲಿಸೋರ ಜೊತಿಗೇ ಸೋಷಿಯಲ್ ವರ್ಕರ್‌ಗಳೂ ಪೂರ್ಣ ಸಿಬ್ಬಂದಿ ಆಗಿ ಇರ್ತಾರ. ಒಬ್ಬ ಹುಡುಗಿ ಮೂರು ದಿನದಿಂದ ಬಂದಿಲ್ಲಂದ್ರ ಅವರ ಮನಿಗೆ ಹೋಗಿ ಯಾಕ ಅಂತ ಕೇಳೋದು ಅವರ ಕೆಲಸ, ಮನ್ಯಾಗ ಲಗ್ನದ ಮಾತು ನಡದೈತೋ, ಅಪ್ಪ ಕುಡಿದು ಹೊಡದನೋ, ಯಾರಾದ್ರೂ ಹೋಗಿ ಬಾಗಿಲು ಬಡೀದ ಹೊರತು ಗೊತ್ತಾಗಂಗಿಲ್ಲ. ಮೂರ್ನೇದು ಮುಂದಿನ ಮೆಟ್ಲು. ದೋಣಿ ನೀರಿಗೆ ಇಳಿದ ಮರುದಿನ ಆ ಹುಡುಗ ಎಲ್ಲಿ ಹೋಗ್ಬೇಕು ಅನ್ನೋದು ಶುರುವಿನ ದಿನದಾಗ ಗೊತ್ತಿರಬೇಕು. ಐಟಿಐ ಸೀಟೋ, ಓಪನ್ ಸ್ಕೂಲ್ ಪರೀಕ್ಷೆಯೋ, ಒಂದು ವರ್ಕ್‌ಶಾಪಿನ ಕೆಲಸನೋ, ಯಾವುದೋ ಒಂದು.

ಇದರಾಗ ಕಲಿಸೋ ಮನುಷ್ಯನ ಬಗ್ಗೆನೂ ಒಂದು ಮಾತು. ನಮ್ಮ ಕಡೆ ಕಸಬು ಕಲಿಸೋದಂದ್ರ ಮೊದಲ್ನೇ ಎರಡು ವರ್ಷ ಚಹಾ ತರೋದು, ಬೈಸ್ಕೊಳ್ಳೋದು, ನೋಡಿ ನೋಡಿ ಕಲಿಯೋದು. ಅದರಾಗ ಕಲಿತೋರು ಸಾವಿರಾರು ಮಂದಿ ಅದಾರ, ಆದ್ರ ಈಗಾಗ್ಲೇ ಮನ್ಯಾಗ ಹೊಡೆತ ತಿಂದು ಬಂದ ಹುಡುಗನಿಗೆ ಆ ದಾರಿ ಆಗಂಗಿಲ್ಲ, ಮೊದಲ್ನೇ ವಾರದಾಗ ಬಿಟ್ಟು ಹೋಗ್ತಾನ. ಇಲ್ಲಿ ಕಲಿಸೋರು ಪಕ್ಕದಾಗ ನಿಂತು ಅದ ಹಲಗಿ ಮ್ಯಾಲ ಕೆಲಸ ಮಾಡ್ತಾರ. ಮುಖ ಮುಖ ನೋಡಿ ಕುಂತು ಏನಪ್ಪ ನಿನ್ನ ಸಮಸ್ಯೆ ಅಂದ್ರ ಬಾಯಿ ಬಿಡದ ಹುಡುಗ, ಇಬ್ಬರ ಕಣ್ಣೂ ಮರದ ಮ್ಯಾಲ ಇದ್ದಾಗ ತಾನಾಗೇ ಮಾತಾಡ್ತಾನ. ಕೌನ್ಸೆಲಿಂಗ್ ರೂಮಿನಾಗ ಆಗದ ಮಾತು ರಂದಾ ಹೊಡಿಯೋವಾಗ ಆಗ್ತಾವ, ಇದನ್ನ ಹುಡುಗ್ರ ಜೊತಿ ಕೈಕೆಲಸ ಮಾಡಿದ ಯಾರನ್ನ ಕೇಳಿದ್ರೂ ಹೇಳ್ತಾರ.

ಇದು ಎಲ್ಲರಿಗೂ ಆಗ್ತೈತಾ ಅಂದ್ರ, ಇಲ್ಲ. ಇಂಥ ಕಾರ್ಯಕ್ರಮಕ್ಕ ಬಂದು ಕಡೀತನಕ ಉಳಿಯೋ ಹುಡುಗ್ರು ಮೊದಲಿಂದನ ಸ್ವಲ್ಪ ಹಠ ಇದ್ದೋರು ಇರಬಹುದು, ಹಂಗಾಗಿ ಅವರು ಮುಂದ ಬಂದಿದ್ದಕ್ಕ ದೋಣಿನ ಕಾರಣ ಅಂತ ಖಡಾಖಂಡಿತ ಹೇಳೋದು ಕಷ್ಟ. ಮಂದಿ ಸಂಖ್ಯೆನೂ ಸಣ್ಣದು, ಒಬ್ಬ ಕಲಿಸೋರ ಕೆಳಗ ಆರೆಂಟು ಹುಡುಗ್ರಿಗಿಂತ ಜಾಸ್ತಿ ಇಟ್ಕೊಂಡ್ರ ಇದು ನಡಿಯಂಗಿಲ್ಲ, ಖರ್ಚು ಹಿಂಗಾಗಿ ಒಬ್ಬೊಬ್ಬರ ತಲಿ ಮ್ಯಾಲ ಜಾಸ್ತಿ ಬೀಳ್ತೈತಿ. ಸರ್ಕಾರದ ಸ್ಕಿಲ್ ಸ್ಕೀಮ್‌ಗಳು ಸಾವಿರ ಮಂದಿಗೆ ಸರ್ಟಿಫಿಕೇಟ್ ಕೊಟ್ವಿ ಅಂತ ಲೆಕ್ಕ ತೋರಿಸೋ ಜಾಗಾದಾಗ ಇದು ಎಂಟು ಮಂದಿ ಲೆಕ್ಕ ತೋರಿಸ್ತೈತಿ. ನನಗ ಕೇಳಿದ್ರ ಹತ್ತು ದಿನದಾಗ ಐವತ್ತು ಮಂದಿಗೆ ಹೇಳಿ ಕಳಿಸೋದಕ್ಕಿಂತ ನಾಲ್ಕೈದು ತಿಂಗಳು ಎಂಟು ಮಂದಿನ ಕೈಹಿಡಿದು ನಡೆಸೋದ ಮೇಲು, ಯಾಕಂದ್ರ ಆ ಎಂಟು ಮಂದಿ ಹತ್ತು ದಿನದ ಶಿಬಿರದಾಗ ಹಿಂದಿನ ಬೆಂಚಿಗೆ ಕುಂತು ಎದ್ದು ಹೋಗೋರು.

ಈಗ ನಮ್ಮ ಸೀಮಿಗೆ ಬರೋಣ. 1520ರ ಸುಮಾರಿಗೆ ವಿಜಯನಗರಕ್ಕ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿ ಹತ್ರ ಮಂದಿ ಹೊಳಿ ದಾಟೋ ದುಂಡನ ದೋಣಿ ಕಂಡು ಬರ್ದಿಟ್ಟಾನ: ಬುಟ್ಟಿ ಹಂಗ ದುಂಡಗ, ಒಳಗ ಬೆತ್ತದ ಹೆಣಿಗಿ, ಹೊರಗ ಚರ್ಮ, ಹದಿನೈದು ಇಪ್ಪತ್ತು ಮಂದಿ ಹಿಡೀತಾವ, ಬೇಕಾದ್ರ ಕುದುರಿ ಎತ್ತೂ ದಾಟಸ್ತಾರ, ನೆಟ್ಟಗ ಹೋಗದ ಸುತ್ತಾ ಸುತ್ತಾ ಹೋಗ್ತಾವ ಅಂತ. ಐನೂರು ವರ್ಷ ಆತು, ಅದ ಹರಿಗೋಲು ಅದ ಹೊಳ್ಯಾಗ ಇನ್ನೂ ಐತಿ. ಚರ್ಮ ಹೋಗಿ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳಿ, ಡಾಂಬರು ಬಂತು ಅಷ್ಟ. ಕಟ್ಟೋ ರೀತಿ ನೋಡೋಕ ಸರಳ ಕಾಣ್ತೈತಿ, ಆದ್ರ ಅಲ್ಲ. ಹಸಿ ಬಿದಿರನ್ನ ಉದ್ದಕ್ಕ ಸೀಳಿ ದಬ್ಬಿ ಮಾಡ್ಕೊಂಡು, ನೆಲದ ಮ್ಯಾಲ ನಡುವಿಂದ ಹೊರಗ ಹರಡಿ ಒಂದರ ಮ್ಯಾಲೊಂದು ಹಾಯಿಸಿ ಹೆಣೀತಾರ, ತಳ ಆದ ಮ್ಯಾಲ ನಡುವು ಕಲ್ಲು ಹೇರಿ ಅದುಮಿ ಸುತ್ತಲಿನ ತುದಿ ಮ್ಯಾಲಕ್ಕ ಬಗ್ಗಿಸಿ, ಅಂಚಿಗೆ ದಪ್ಪಗ ದಬ್ಬಿ ಸುತ್ತಿ ಬಿಗೀತಾರ. ಆಮ್ಯಾಲ ಹೊರಗ ಹಾಳಿ ಹೊಲ್ದು ಡಾಂಬರು ಬಳೀತಾರ. ದಬ್ಬಿ ಒಂದ ಸಮ ಸೀಳೋದು ಅದರಾಗ ದೊಡ್ಡ ವಿದ್ಯಾ, ದಪ್ಪ ಹೆಚ್ಚು ಕಡಿಮಿ ಆದ್ರ ಬಗ್ಗಿಸೋವಾಗ ಒಂದ ಕಡೆ ಮುರೀತೈತಿ, ಇಲ್ಲಾ ಬುಟ್ಟಿ ಸೊಟ್ಟ ಆಗ್ತೈತಿ. ಬಿದಿರು ಮೇದಾರರ ಕೈಯಾಗಿನ ವಿದ್ಯಾ, ಹುಟ್ಟು ಹಾಕೋದು ಅಂಬಿಗರ ವಿದ್ಯಾ, ಇಬ್ಬರೂ ನಮ್ಮ ನಡುವು ಇನ್ನೂ ಅದಾರ, ಆದ್ರ ಅವರ ಮಕ್ಕಳು ಅದನ್ನ ಕಲಿಯೋದು ಕಡಿಮಿ ಆಗೇತಿ, ಅದಕ್ಕ ಅವರನ್ನ ತಪ್ಪು ಅನ್ನೋಕಾಗಂಗಿಲ್ಲ, ಸೇತುವಿ ಆದ ಮ್ಯಾಲ ದಾಟಿಸೋ ದುಡಿಮಿ ಎಲ್ಲಿ ಉಳೀತು.

ಆದ್ರೂ ಹೊಳಿ ಬಂದಾಗ ಅವರ ಬೇಕು. ತುಂಗಭದ್ರಾ ಡ್ಯಾಮಿನ ಗೇಟ್ ತಗದು ನೀರು ಬಿಟ್ಟರ ಕಂಪ್ಲಿ ಗಂಗಾವತಿ ನಡುವಿನ ಸೇತುವಿ ಮುಳುಗ್ತೈತಿ, ಕೃಷ್ಣಾ ತುಂಬಿದ್ರ ಲಿಂಗಸೂಗೂರು ತಾಲೂಕಿನ ನಡುಗಡ್ಡಿಗಳು ದಂಡಿ ಸಂಪರ್ಕ ಕಡ್ಕೊಳ್ತಾವ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡ್ದು ಗೇಟ್ ಕೊಚ್ಚಿಕೊಂಡು ಹೋದಾಗ ಹೊಳಿ ದಂಡಿ ಊರುಗಳು ಹೆಂಗ ಕುಂತಿದ್ವು ಅನ್ನೋದು ಎಲ್ಲರಿಗೂ ನೆನಪೈತಿ. ಗಟ್ಟಿ ದೋಣಿ, ಅದನ್ನ ರಿಪೇರಿ ಮಾಡೋ ಕೈ, ಈಜು ಗೊತ್ತಿರೋ ಹುಡುಗ್ರು ಇವು ನಮಗ ಅಲಂಕಾರಕ್ಕಲ್ಲ.

ಮತ್ತ ಹುಡುಗ್ರ ಸ್ಥಿತಿನೂ ನೋಡ್ರಿ. 2011ರ ಜನಗಣತಿಯೊಳಗ ರಾಜ್ಯದ ಸಾಕ್ಷರತೆ 75 ಪರ್ಸೆಂಟ್ ಇದ್ದಾಗ ರಾಯಚೂರು ಜಿಲ್ಲೆದ್ದು 60ರ ಹತ್ರ ಇತ್ತು. ಸುಗ್ಗಿ ಮುಗದ ಮ್ಯಾಲ ಅವ್ವ ಅಪ್ಪ ಗುಳೆ ಹೋದ್ರ ಮಕ್ಕಳೂ ಜೊತಿಗೆ ಹೋಗ್ತಾರ, ವಾಪಸ್ ಬಂದಾಗ ಸಾಲ್ಯಾಗ ಹೆಸರು ಇದ್ರೂ ಪಾಠ ಹತ್ತಂಗಿಲ್ಲ, ಎಂಟು ಒಂಬತ್ತಕ್ಕ ಬಿಡ್ತಾರ. ಹುಡುಗ್ಯಾರ್ದು ಇನ್ನೂ ಬ್ಯಾರೆ, ಸಾಲಿ ಬಿಟ್ಟ ಹುಡುಗಿಗೆ ಹದಿನೆಂಟಕ್ಕ ಮುಂಚೆನ ಲಗ್ನದ ಮಾತು ಶುರು ಆಗ್ತೈತಿ. ಹಂಗಾಗಿ ಇದನ್ನ ಬರೇ ಗಂಡುಹುಡುಗ್ರ ಕೆಲಸ ಅಂತ ಮಾಡಿಬಿಟ್ರ ಅರ್ಧ ಅರ್ಥ ಹೋಗ್ತೈತಿ. ಬುಟ್ಟಿ ಹೆಣೆಯೋ ಕೆಲಸದಾಗ ಹೆಣ್ಮಕ್ಕಳ ಕೈ ಮೊದಲಿಂದನೂ ಐತಿ, ಆನೆಗೊಂದಿಯೊಳಗ ಕಿಷ್ಕಿಂದಾ ಟ್ರಸ್ಟ್ 1997ರಿಂದ ಹೆಣ್ಮಕ್ಕಳ ಕೈಲಿ ಬಾಳಿನಾರಿನ ಕಸುಬು ಬೆಳೆಸಿದ್ದು ನಮ್ಮ ಕಣ್ಮುಂದ ಐತಿ.

ಹಂಗಾದ್ರ ಇಲ್ಲಿ ಹೆಂಗ ಮಾಡ್ಬೇಕು? ನನ್ನ ಅಭಿಪ್ರಾಯ, ಹರಿಗೋಲಿಂದ ಶುರು ಮಾಡಿ ಪ್ಲೈವುಡ್ ದೋಣಿಗೆ ಹೋಗ್ಬೇಕು. ಹರಿಗೋಲು ಬೇಗ ಮುಗೀತೈತಿ, ಸಾಮಾನು ಅಗ್ಗ, ಮೊದಲ್ನೇ ತಿಂಗಳದಾಗ ಹುಡುಗ್ರಿಗೆ ಮುಗಿಸಿದ ಸಮಾಧಾನ ಸಿಗ್ತೈತಿ, ಕಲಿಸೋರು ಊರಾಗ ಅದಾರ. ಹೊಲದಾಗ ಬೆಳೆದ ಬಿದಿರು ಕಡಿಯೋಕ ಸಾಗಿಸೋಕ ಇದ್ದ ಅರಣ್ಯ ಕಾಯ್ದೆಯ ತೊಡಕೂ 2017ರ ತಿದ್ದುಪಡಿ ಆದ ಮ್ಯಾಲ ಸಡಿಲ ಆಗೇತಿ, ಅರಣ್ಯದ ಹೊರಗ ಬೆಳೆದ ಬಿದಿರನ್ನ ಈಗ ಮರ ಅಂತ ಎಣಸಂಗಿಲ್ಲ. ಆದ್ರ ಹರಿಗೋಲು ಕಟ್ಟೋದು ಕಲಿತ ಮಾತ್ರಕ್ಕ ಹೊರಗ ನೌಕರಿ ಸಿಗಂಗಿಲ್ಲ, ಅದಕ್ಕ ಎರಡ್ನೇ ಹಂತ ಬೇಕು.

ಆ ಎರಡ್ನೇ ಹಂತಕ್ಕ ಹೊಲಿದು ಅಂಟಿಸೋ ಪದ್ಧತಿ ಅಂತ ಒಂದು ಐತಿ. ಮರೀನ್ ಪ್ಲೈವುಡ್, ಅಂದ್ರ ನೀರು ತಾಳೋ ಪ್ಲೈವುಡ್ ಹಾಳಿನ ನಕ್ಷೆ ಪ್ರಕಾರ ಕೊಯ್ದು, ಅಂಚಿಗುಂಟ ಸಣ್ಣ ತೂತು ಹಾಕಿ ತಾಮ್ರದ ತಂತಿಯಿಂದ ಹೊಲಿದು ಬಿಗಿದ್ರ ಸಪಾಟ ಹಾಳಿ ತಾನಾಗೇ ಬಗ್ಗಿ ದೋಣಿ ಆಕಾರಕ್ಕ ಬರ್ತೈತಿ, ಆಮ್ಯಾಲ ಸಂದಿಗೆ ಎಪಾಕ್ಸಿ ಅನ್ನೋ ಗಟ್ಟಿ ಆಗೋ ಅಂಟು ತುಂಬಿ ಗ್ಲಾಸ್ ಬಟ್ಟಿ (ಗಾಜಿನ ಎಳಿಯಿಂದ ನೇಯ್ದ ಬಟ್ಟಿ) ಪಟ್ಟಿ ಹಚ್ಚಿದ್ರ ಆತು. 1960ರ ದಶಕದ ಶುರುವಿನಾಗ ಬ್ರಿಟನ್ನಿನಾಗ ಬ್ಯಾರಿ ಬಕ್‌ನೆಲ್ ಮತ್ತ ಜ್ಯಾಕ್ ಹೋಲ್ಟ್ ಸೇರಿ ಮಿರರ್ ಡಿಂಗಿ ಅನ್ನೋ ದೋಣಿನ ಇದ ಪದ್ಧತಿಯೊಳಗ ಮಾಡಿದ್ರು, ಮನಿ ಹಿತ್ತಲದಾಗ ಸಾಮಾನ್ಯ ಮಂದಿ ಕಟ್ಟಲಿ ಅಂತನ ಮಾಡಿದ್ದು, ಮುಂದ 70,000 ತನಕ ಅಂಥ ದೋಣಿ ಆದ್ವು. ಈ ಪದ್ಧತಿಯೊಳಗ ಕಲಿತ ಕೈಗೆ ಹೊರಗ ಬೆಲಿ ಐತಿ. ಪ್ಲೈವುಡ್ ಅಳತಿ ಹಿಡಿದು ಕೊಯ್ಯೋದು ಗೊತ್ತಿದ್ರ ಇಂಟೀರಿಯರ್ ಕೆಲಸ, ಸೆಂಟ್ರಿಂಗ್ ಕೆಲಸ. ನಮ್ಮ ಹುಡುಗ್ರು ಹೆಂಗೂ ಬೆಂಗಳೂರಿಗೆ ಹೋಗೋರ, ಸಿಮೆಂಟ್ ಹೊರೋ ಬದ್ಲಿ ಬಡಿಗೇರ ಕೂಲಿ ತಗೊಳ್ಳಿ. ಗ್ಲಾಸ್ ಬಟ್ಟಿ ಎಪಾಕ್ಸಿ ಕೆಲಸ ಗೊತ್ತಿದ್ರ ಇನ್ನೊಂದು ದಾರಿ ಐತಿ, ಅದು ಭಾಳ ಮಂದಿಗೆ ಹೊಳ್ದಿಲ್ಲ: ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಹೊಲದ ಮ್ಯಾಲ ತಿರುಗೋ ವಿಂಡ್ ಫ್ಯಾನಿನ ರೆಕ್ಕಿ ಆಗಿದ್ದೂ ಗ್ಲಾಸ್ ಫೈಬರ್ ಮತ್ತ ಎಪಾಕ್ಸಿಯಂಥ ರೆಸಿನ್‌ನಿಂದನ. ಆ ರೆಕ್ಕಿ ಸೀಳಿದ್ರ ಅದನ್ನ ತಿಕ್ಕಿ, ಪದರ ಪದರ ಬಟ್ಟಿ ಹಚ್ಚಿ, ರೆಸಿನ್ ಕುಡಿಸಿ ರಿಪೇರಿ ಮಾಡೋ ಟೆಕ್ನಿಷಿಯನ್ ಬೇಕು, ಕೈಯಾಗಿನ ವಿದ್ಯಾ ದೋಣಿದ್ದ. ಎತ್ತರಕ್ಕ ಹತ್ತೋ ಸೇಫ್ಟಿ ತರಬೇತಿ ಬ್ಯಾರೆ ಬೇಕಾಗ್ತೈತಿ, ಅದು ಖರೆ, ಆದ್ರ ಊರು ಬಿಡದ ಸಿಗೋ ನೌಕರಿ ಅದು.

ಕಾಯ್ದೆ ಕಡೆನೂ ಕಣ್ಣಿರಬೇಕು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಪ್ರಕಾರ 14ರ ಕೆಳಗಿನೋರನ್ನ ಕೆಲಸಕ್ಕ ಹಚ್ಚಂಗಿಲ್ಲ, 14ರಿಂದ 18ರೋರನ್ನ ಅಪಾಯದ ಕೆಲಸಕ್ಕ ಹಚ್ಚಂಗಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯೊಳಗೂ ಅಪ್ರೆಂಟಿಸ್ ಆಗೋಕ ಕಡಿಮಿ ಅಂದ್ರ 14 ಆಗಿರ್ಬೇಕು, ಅಪಾಯದ ಉದ್ಯಮಕ್ಕ 18. ಹಂಗಾಗಿ ಬಿದಿರು, ಕೈ ಉಳಿ, ರಂದಾ, ಅಳತಿ ಇವು ಸಣ್ಣೋರಿಗೆ ಆಗ್ತೈತಿ, ಕರೆಂಟ್ ಗರಗಸ ಮತ್ತ ಎಪಾಕ್ಸಿ ಹದಿನೆಂಟು ದಾಟಿದೋರಿಗಷ್ಟ ಅಂತ ಗೆರಿ ಹಾಕ್ಕೋಬೇಕು. ಎಪಾಕ್ಸಿ ಚರ್ಮಕ್ಕ ಹತ್ತಿದ್ರ ಅಲರ್ಜಿ ಬರ್ತೈತಿ, ಒಂದ್ಸಲ ಬಂದ್ರ ಜೀವನಪೂರ್ತಿ ಇರಬಹುದು, ಕೈಗವಸು ಮಾಸ್ಕ್ ಇಲ್ದ ಮುಟ್ಟಂಗಿಲ್ಲ. ಕಾಯ್ದೆ ಜೊತಿ ಸಂಘರ್ಷಕ್ಕ ಬಿದ್ದ ಮಕ್ಕಳ ವಿಷಯದಾಗ 2015ರ ಬಾಲನ್ಯಾಯ ಕಾಯ್ದೆ ಇನ್ನೊಂದು ಬಾಗಿಲು ತಗೀತೈತಿ: ಮಕ್ಕಳ ಪಾಲನಾ ಸಂಸ್ಥೆಯಿಂದ 18ಕ್ಕ ಹೊರಗ ಬರೋರಿಗೆ 21ರ ತನಕ ಆಸರೆ ಕೊಡೋ ಅವಕಾಶ ಅದರಾಗ ಐತಿ, ಆ ಮೂರು ವರ್ಷದಾಗ ಇಂಥ ಕೆಲಸ ಕಲಿಸೋದಕ್ಕಿಂತ ಚೊಲೋ ಉಪಯೋಗ ಯಾವುದೈತಿ ನನಗ ಗೊತ್ತಾಗಂಗಿಲ್ಲ.

ಈಜು ಮತ್ತ ಲೈಫ್ ಜಾಕೆಟ್ ವಿಷಯದಾಗ ಸಡಿಲ ಬಿಡೋ ಮಾತ ಇಲ್ಲ. ಹೊಳಿ ದಂಡಿ ಹುಡುಗ್ರು ನಮಗ ಈಜು ಬರ್ತೈತಿ ಬಿಡ್ರಿ ಅಂತಾರ, ಕೆನಾಲ್ ಒಳಗ ಈಜಿದೋರು ಹರಿಯೋ ತುಂಗಭದ್ರಾದಾಗ ಬಂಡೆಗಲ್ಲಿನ ನಡುವಿನ ಸುಳಿಗೆ ಸಿಕ್ಕರ ಕತಿ ಬ್ಯಾರೆ. ಜಾಕೆಟ್ ಹಾಕದ ಯಾರೂ ದೋಣಿ ಹತ್ತಂಗಿಲ್ಲ, ಕಲಿಸೋ ಮಾಸ್ತರೂ ಸೇರಿ.

ಕಡೀದಾಗಿ ಯಾವಾಗ ಶುರು ಮಾಡ್ಬೇಕು ಅನ್ನೋದು, ಇದು ಸಣ್ಣ ವಿಷಯ ಅನ್ನಿಸಿದ್ರೂ ಇಡೀ ಯೋಜನಿ ಇದರ ಮ್ಯಾಲ ನಿಂತೈತಿ. ಜುಲೈಯಿಂದ ಅಕ್ಟೋಬರ್ ತನಕ ಡ್ಯಾಮ್ ತುಂಬಿ ಹೊಳಿಗೆ ನೀರು ಬಿಡೋ ಕಾಲ, ಆವಾಗ ನೀರಿಗೆ ಇಳಿಯೋ ಮಾತಿಲ್ಲ, ಶೆಡ್ಡಿನಾಗ ಕುಂತು ಕಟ್ಟೋ ಕಾಲ ಅದು. ದೀಪಾವಳಿ ಹೊತ್ತಿಗೆ ಹೊಳಿ ಶಾಂತ ಆಗ್ತೈತಿ, ದೋಣಿ ಇಳಿಸಬಹುದು. ಆದ್ರ ಸುಗ್ಗಿ ಮುಗಿಸಿ ಮಂದಿ ಗುಳೆಗೆ ಗಂಟು ಕಟ್ಟೋ ಟೈಮೂ ಅದರ ಬೆನ್ನಿಗೇ ಬರ್ತೈತಿ. ಮುಂದಿನ ಮೆಟ್ಲು ಆ ವಾರದಾಗ ತಯಾರಿಲ್ಲಂದ್ರ, ಅಂದ್ರ ಐಟಿಐದಾಗನೋ ವರ್ಕ್‌ಶಾಪಿನಾಗನೋ ಆ ಹುಡುಗನ ಹೆಸರಿಗೆ ಒಂದು ಜಾಗಾ, ತಿಂಗಳಿಗೆ ಇಂತಿಷ್ಟು ರೊಕ್ಕ ಅಂತ ಅವರ ಮನಿಯೋರ ಮುಂದ ಹೇಳೋಕ ಇಲ್ಲಂದ್ರ, ಅವನು ಅವರ ಜೊತಿ ಲಾರಿ ಹತ್ತತಾನ. ಹಂಗಾಗಿ ಶೆಡ್ ಹುಡುಕೋಕ ಮುಂಚೆ, ಬಿದಿರು ತರೋಕ ಮುಂಚೆ, ಏಪ್ರಿಲ್ ಮೇ ತಿಂಗಳದಾಗ ಮಂದಿ ಊರಿಗೆ ವಾಪಸ್ ಬರ್ತಾರಲ್ಲ, ಆವಾಗ ಹೋಗಿ ಮನಿ ಮನಿಗೆ ಕುಂತು ಅವ್ವ ಅಪ್ಪನ ಜೊತಿ ಆ ರೊಕ್ಕದ ಮಾತು ಮೊದಲು ಆಡ್ಬೇಕು.